ನಡುಮನೆಯ ಕಾವೇರಿ

"ಹರಿಗೋಲು ನಡೆಸೋ ಆ ಹೆಂಗಸ್ನ ಅಳಿಸ್ಬುಟ್ರೆ ಇದನ್ನೇ ತಗತೀನಿ," ಎಂದ ಕೊಣನೂರಿನ ಬಸ್ ಮಾಲೀಕ ಲಕ್ಕಯ್ಯ. ಅವನ ನಡುಮನೆಗೆಂದು ಚಿತ್ರಗಾರ ತಂದಿದ್ದ ಹೊಳೆಯ ಮೂರು ಚಿತ್ರಗಳಲ್ಲಿ ಇದೇ ದೊಡ್ಡದು. ಎಷ್ಟು ದೊಡ್ಡದೆಂದರೆ, ಬಾಗಿಲು ಕಿತ್ತು ಒಳಗೆ ತಂದಿದ್ದರು; ನಿಜವಾದ ಕಾವೇರಿಯೆಂದು ನಂಬಿ ಊರಿನ ಎಮ್ಮೆಗಳೆಲ್ಲ ಹೊಸಿಲಲ್ಲಿ ಸಾಲುಗಟ್ಟಿದ್ದವು!

ಚಿತ್ರಗಾರ ಜಿನದತ್ತ ಕುಂಚ ಮುಟ್ಟಲಿಲ್ಲ. "ಸಾ, ಅದು ನಿಮ್ಮ ತಾಯಿ. ಊರನ್ನೇ ಹೊಳೆ ದಾಟಿಸಿದೋರು. ಖುಷಿಪಡ್ತೀರಿ ಅಂತ ಬರೆದೆ."

"ಅದಕ್ಕೇ ಕಣಯ್ಯಾ. ನಾಳೆ ಅಮಲ್ದಾರರು ಬಂದು ಯಾರಿದು ಅಂದ್ರೆ ಏನೇಳ್ಲಿ?"

ಕಾಫಿ ತಂದ ತಾಯಿ ಬೆಟ್ಟಮ್ಮ ಮಗನ ಬೆನ್ನ ಹಿಂದೆಯೇ ನಿಂತಿದ್ದಳು. "ಅಳಿಸಪ್ಪಾ," ಎಂದಳು ಚಿತ್ರಗಾರನಿಗೆ. "ಆದ್ರೆ ಹರಿಗೋಲಲ್ಲಿ ನನ್ ಮಗ ಕುಂತವ್ನೆ. ಮೊದ್ಲು ಅವನ್ನ ದಡಕ್ಕೆ ಬುಡು. ಈಜು ಬರಾಕಿಲ್ಲ ಅವನ್ಗೆ."

ಲೋಟಕ್ಕೆ ಚಾಚಿದ ಲಕ್ಕಯ್ಯನ ಕೈ ಅಲ್ಲೇ ನಿಂತಿತು.