ತೊಲೆಯಿಲ್ಲದ ಮಾಳಿಗೆ

ಕಂಬದ ತಲೆಯ ಸುತ್ತ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು. ಗೌಂಡಿ ಇಮಾಮುದ್ದೀನ್ ಏಣಿಯ ಮೇಲೆ ನಿಂತು ಕರಣಿಯ ಹಿಡಿಯಿಂದ ಮೆಲ್ಲಗೆ ಕುಟ್ಟಿದ. ಒಂದು ಚೂರು ಕಾಂಕ್ರೀಟು ಕಳಚಿ, ಕೆಳಗೆ ನಿಂತಿದ್ದ ಮುಕುಂದನ ವಕೀಲಿ ಕೋಟಿನ ಹೆಗಲಿಗೆ ಬಿತ್ತು.

"ಎರಡು ಸಲ ಕಂಬದ ತಲಿ ಅಗಲ ಮಾಡಿ ಕಟ್ಟೀನಿ, ವಕೀಲ ಸಾಹೇಬ್ರ. ಬಿರುಕು ಈಗ ಅದರ ಹೊರಗ ಬಂದು ಕುಂತದ. ಈ ಸಲ ನನಗೂ ತಿಳಿವಲ್ದು."

ಮುಕುಂದನಿಗಂತೂ ಮೊದಲಿನಿಂದಲೂ ತಿಳಿದಿರಲಿಲ್ಲ. ಹೈದರಾಬಾದಿನಿಂದ ಬಂದ ಇಂಜಿನಿಯರು, ಇದು ಹೊಸ ನಮೂನೆ ಎಂದು, ತೊಲೆಗಳಿಲ್ಲದೆ ಕಂಬಗಳ ಮೇಲೆ ನೇರವಾಗಿ ಕಾಂಕ್ರೀಟಿನ ಮಾಳಿಗೆ ಕೂರಿಸಿ ಹೋಗಿದ್ದ. ಏನೂ ಆಸರೆಯಿಲ್ಲದ ನಡುಭಾಗ ಹಾಯಾಗಿತ್ತು. ಆಸರೆ ಇದ್ದ ಕಡೆಯೇ ಸೀಳುತ್ತಿತ್ತು.

"ಕಂಬ ಇದ್ದಲ್ಲೇ ಹ್ಯಾಂಗ ಸೀಳ್ತದ?"

"ಹಸೀ ರೊಟ್ಟಿ ಒಂದು ಬೆರಳ ಮ್ಯಾಲೆ ಎತ್ತಿ ನೋಡ್ರಿ. ಬೆರಳ ಸುತ್ತನೇ ಹರೀತದ." ಇಮಾಮುದ್ದೀನ್ ಏಣಿ ಇಳಿದ. "ಮ್ಯಾಲಿನ ಮಣ್ಣು ಗೇಣೇ ಅದನೋ, ಹೆಚ್ಚಾಗ್ಯದೋ?"

"ಗೇಣೇ. ನಾನೇ ನಿಂತು ಹಾಕಿಸೀನಿ. ಅದನ್ನ ತೆಗಿ ಅಂತ ಮಾತ್ರ ಅನಬ್ಯಾಡ್ರಿ."

ಮಾಳಿಗೆಯ ಮೇಲಿನ ಆ ತೋಟ ಅವನ ತಾಯಿ ತುಂಗಾಬಾಯಿಯದು. ರಜಾಕಾರರ ಗದ್ದಲದಲ್ಲಿ ಕಮಲಾಪುರದ ಮನೆ ಸುಟ್ಟುಹೋದ ಮೇಲೆ ಅವಳು ಮಾತೇ ಬಿಟ್ಟಿದ್ದಳು. ಕಲಬುರಗಿಗೆ ಕರೆತಂದು ಈ ಹೊಸ ಮನೆ ಕಟ್ಟಿಸಿದರೂ ಮೂಲೆ ಹಿಡಿದು ಕೂತವಳು ಏಳಲಿಲ್ಲ. ಕಡೆಗೆ ಮುಕುಂದ ಕಮಲಾಪುರದಿಂದ ಗಾಡಿಗಟ್ಟಲೆ ಕೆಮ್ಮಣ್ಣು ತರಿಸಿ ಮೇಲೆ ಹಾಸಿ, ಅಲ್ಲಿಯದೇ ಕೆಂಬಾಳೆಯ ಕಂದು ನೆಡಿಸಿದ. ಮೊದಲ ಎಲೆ ಸುರುಳಿ ಬಿಚ್ಚಿದ ದಿನ ಅವಳು, "ನೀರು ಯಾರು ಹಾಕ್ತೀರಿ?" ಎಂದು ಕೇಳಿದ್ದಳು. ಆ ಮಾತು ಕೇಳಿ ಮುಕುಂದ ಬಚ್ಚಲಿಗೆ ಹೋಗಿ ಅತ್ತಿದ್ದ.

ಇಮಾಮುದ್ದೀನನದೂ ಅದೇ ಸೀಮೆ. ಮುಂದೆ ಪೊಲೀಸ್ ಆ್ಯಕ್ಷನ್ ಆದಾಗ ಅವನ ಮನೆಗೆ ಬೆಂಕಿ ಬಿದ್ದು, ಬರಿಯ ನಾಲ್ಕು ಗೋಡೆ ಉಳಿದಿದ್ದವು. ಈಗ ಹೆಂಡತಿ ಚಾಂದಬಿ, ಮಕ್ಕಳ ಜತೆ ಮೋಮಿನಪುರದಲ್ಲಿ ಷಡ್ಡಕನ ಪಡಸಾಲೆಯಲ್ಲಿ ಮಲಗುತ್ತಿದ್ದ. ಮುಕುಂದನಿಗೆ ಇದೆಲ್ಲ ಗೊತ್ತಿತ್ತು. ಆದರೆ ಆ ಮಾತು ಎತ್ತಲು ಇಬ್ಬರಿಗೂ ಎಂದೂ ಬಾಯಿ ಬಂದಿರಲಿಲ್ಲ.

ಇಬ್ಬರೂ ಮೇಲೆ ಹೋದರು. ತುಂಗಾಬಾಯಿ ಬಾಳೆಯ ಬುಡದಲ್ಲಿ ಕೂತು ಒಣ ಎಲೆ ಕೀಳುತ್ತಿದ್ದಳು. ಮುಕುಂದ ಕೋಲೊಂದನ್ನು ಮಣ್ಣಿಗೆ ಚುಚ್ಚಿದ. ಕೋಲು ಇಳಿಯಿತು, ಇನ್ನೂ ಇಳಿಯಿತು. ಕಂಬವಿದ್ದ ಜಾಗದಲ್ಲಿ ಮಣ್ಣು ಅವನ ಮೊಣಕಾಲಿಗೂ ಮೇಲಿತ್ತು.

"ಅವ್ವಾ, ಇಷ್ಟು ಮಣ್ಣು ಎಲ್ಲಿಂದ ಬಂತು?"

"ಗಂಜ್ ಬಜಾರಕ್ಕ ತೊಗರಿ ತರ್ತಾರಲ್ಲ ನಮ್ಮೂರ ಗಾಡಿಯವರು, ಅವರ ಕೈಲೆ ತರಿಸೀನಿ. ನೀ ಕೋರ್ಟಿಗೆ ಹೋದಾಗ." ಅವಳ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಕಂಬದ ಸುತ್ತ ತೇವ ಕಾಣ್ತಿತ್ತು. ಮಾಳಿಗಿ ಸೋರಿದ್ರ ಮ್ಯಾಲೆ ಮಣ್ಣು ಹಾಕಬೇಕಲ್ಲೇನು? ನಿಮ್ಮಪ್ಪ ಪ್ರತಿ ಬ್ಯಾಸಗಿ ಹಾಕಸ್ತಿದ್ರು. ಎಷ್ಟು ಹಾಕಿದ್ರೂ ಕೆಳಗ ಕಂಬ ಅದ, ಹೊರ್ತದ. ಒಂದು ಮನಿ ಅಂತೂ ಹೋತು, ಇದನ್ನರ ಉಳಸ್ಕೋಬೇಕು ಅಂತ ಹಾಕಿಸೀನಿ."

ಮುಕುಂದನಿಗೆ ಈಗ ಹೊಳೆಯಿತು. ಬಿರುಕು ಬಿಟ್ಟಾಗ ಸೋರುವುದು, ಸೋರಿದಾಗ ಅವಳು ಮಣ್ಣು ಹೊರಿಸುವುದು, ಆ ಭಾರಕ್ಕೆ ಬಿರುಕು ಇನ್ನಷ್ಟು ಬಿಡುವುದು. ಈ ಗಾಣ ಸುತ್ತುತ್ತಿದ್ದಾಗ ಅವನು ಕೆಳಗೆ ನಿಂತು ಸಿಮೆಂಟು ಬಳಿಸುತ್ತಿದ್ದ. ಹೇಳದಿದ್ದರೆ ಮಾಳಿಗೆ ಅವಳ ಸಮೇತ ಕೆಳಗೆ ಬರುತ್ತದೆ. ಹೇಳಿದರೆ ಅವಳು, ಎರಡನೆಯ ಮನೆಯನ್ನು ತಾನೇ ಕೆಡವಹೊರಟಿದ್ದೆ ಎಂದು ತಿಳಿದು ಮತ್ತೆ ಮೂಲೆ ಹಿಡಿಯುತ್ತಾಳೆ.

"ಮೊದಲು ಭಾರ ಇಳಸ್ಬೇಕ್ರಿ," ಇಮಾಮುದ್ದೀನ್ ಅವನಿಗಷ್ಟೇ ಕೇಳುವಂತೆ ಹೇಳಿದ. "ಆಮ್ಯಾಲೆ ಕೆಳಗ ಕಟಗಿ ಬಲ್ಲಿ ಆಸರಿ ಕೊಟ್ಟು, ಕಬ್ಬಣದ ಸಳಿ ಹಾಕಿ ಹೊಸಾ ತಲಿ ಕಟ್ಟತೀನಿ. ಹೊರಿ ಹೊತ್ತು ನಿಂತ ಕಂಬಕ್ಕ ಎಷ್ಟು ಕಟ್ಟಿದ್ರೂ ಮ್ಯಾಲಿನ ಬಣ್ಣ ಇದ್ದಂಗ."

"ಇಳಸ್ಬೇಕು, ಖರೆ. ಅಕಿಗೆ ಏನಂತ ಹೇಳಲಿ?"

ಇಮಾಮುದ್ದೀನ್ ಬಗ್ಗಿ ಒಂದು ಹಿಡಿ ಕೆಮ್ಮಣ್ಣು ಎತ್ತಿಕೊಂಡ. ಆಮೇಲೆ ಚಪ್ಪಲಿ ಬಿಟ್ಟು ಬಾಳೆಯ ಹತ್ತಿರ ಹೋಗಿ ಕೂತ.

"ಅವ್ವಾರ, ನಮ್ಮ ಮನಿ ಮಾಳಿಗಿ ಭಾಳ ಸೋರಾಕತ್ತದ್ರಿ. ಇಂಥ ಮಣ್ಣು ಇಲ್ಲೆಲ್ಲೂ ಸಿಗೂದಿಲ್ಲ. ಗಿಡಕ್ಕ ಗೇಣು ಬಿಟ್ಟು ಉಳಿದದ್ದು ಕೊಟ್ರ ನಮ್ಮ ಮಕ್ಕಳು ಮರಿ ಒಣಗಿದ್ದಲ್ಲಿ ಮಲಗ್ತಾವ್ರಿ."

ಮುಕುಂದ ಬೆಚ್ಚಿ ಅವನತ್ತ ನೋಡಿದ. ಯಾವ ಮನೆ, ಯಾವ ಮಾಳಿಗೆ ಎಂದು ಕೇಳಬೇಕೆನಿಸಿತು. ಇಮಾಮುದ್ದೀನ್ ಇತ್ತ ತಿರುಗಲೇ ಇಲ್ಲ.

"ಅಯ್ಯ, ಸೋರೋ ಮನ್ಯಾಗ ಕೂಸು ಕುನ್ನಿ ಕಟ್ಕೊಂಡು ಹ್ಯಾಂಗ ಇರ್ತೀರಿ?" ತುಂಗಾಬಾಯಿ ಎದ್ದೇ ಬಿಟ್ಟಳು. "ಒಯ್ರಿ, ಎಲ್ಲಾ ಒಯ್ರಿ. ನಮ್ಮಲ್ಲಿ ಇನ್ನ ಗೌಂಡಿ ಕೆಲಸ ನಡದದ, ಸೋರೂದು ನಿಂತೇ ನಿಲ್ತದ." ಬುಟ್ಟಿ ತರಿಸಿ ಮೊದಲ ಬೊಗಸೆಯನ್ನು ತಾನೇ ತುಂಬಿದಳು. ಇಷ್ಟು ಹುರುಪು ಮುಕುಂದ ಅವಳಲ್ಲಿ ಕಂಡು ವರ್ಷಗಳಾಗಿದ್ದವು. ಅವನಿಗೆ ಸಮಾಧಾನವಾಯಿತು, ನಾಚಿಕೆಯೂ ಆಯಿತು. ಯಾವುದು ಎಷ್ಟು ಎಂದು ಬೇರ್ಪಡಿಸಲಾಗದೆ ಬುಟ್ಟಿಯ ಇನ್ನೊಂದು ಬದಿಗೆ ಕೈ ಕೊಟ್ಟು ಎತ್ತಿ ಇಮಾಮುದ್ದೀನನ ತಲೆಗೆ ಹೊರಿಸಿದ.

ಇಮಾಮುದ್ದೀನ್ ಎರಡು ಮೆಟ್ಟಿಲು ಇಳಿದಿದ್ದ. ತುಂಗಾಬಾಯಿ ಮೇಲಿನಿಂದ ಕೂಗಿದಳು.

"ತಮ್ಮಾ, ಸುಮ್ಮನ ಹಾಕಿಬಿಡಬ್ಯಾಡ. ತೊಲಿ ಗಟ್ಟಿ ಅದಾವೋ ಇಲ್ಲೋ ಮೊದಲು ನೋಡ್ಕೊ."

ತಲೆಯ ಮೇಲೆ ಹೊರೆಯಿದ್ದುದರಿಂದ ಅವನಿಗೆ ಹಿಂತಿರುಗಿ ನೋಡಲಾಗಲಿಲ್ಲ.

"ಹೂಂರಿ ಅವ್ವಾರ," ಎಂದ. "ತೊಲಿ ಗಟ್ಟಿ ಅದಾವ್ರಿ."