ಖಾತೆದಾರರ ಹೆಸರು

‘ನಿಮ್ಮ ಬ್ರೌಸರ್ ಹಳೆಯದಾಗಿದೆ. ಸುರಕ್ಷತೆಯ ಕಾರಣದಿಂದ ಮುಂದುವರಿಯಲು ಸಾಧ್ಯವಿಲ್ಲ’ ಎಂದು ಕಂಪ್ಯೂಟರಿನ ಪರದೆ ಮತ್ತೆ ಹೇಳಿತು. ಅಡವಿಯಪ್ಪ ಮತ್ತೆ ಮೌಸ್ ಒತ್ತಿದ. ಪರದೆ ಮತ್ತೆ ಅದನ್ನೇ ಹೇಳಿತು. ಹಠದಲ್ಲಿ ಒಬ್ಬರಿಗಿಂತ ಒಬ್ಬರು ಕಡಿಮೆಯಿರಲಿಲ್ಲ.

“ಹೊಸಾದು ತಗೊಳ್ರಿ, ತಗೊಳ್ರಿ ಅಂತ ಬಡ್ಕೊಂಡೆ” ಎಂದಳು ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಸರ್ವಮಂಗಳಮ್ಮ. ಅವನಿಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದಕ್ಕೇ ಇಷ್ಟೆಲ್ಲ ಫಜೀತಿ. ಕಿವಿ ಮಿಷನ್ನಿನ ಬ್ಯಾಟರಿ ಮುಗಿದಿತ್ತು. ಆ ನಮೂನೆಯದು ಗುಬ್ಬಿಯಲ್ಲಿ ಎಂದೂ ಸಿಕ್ಕಿದ್ದಿಲ್ಲ. ತುಮಕೂರಿನ ಅಂಗಡಿಯವನೂ ತರಿಸುವುದನ್ನು ಬಿಟ್ಟಿದ್ದ. ಉಳಿದದ್ದು ಮಿಷನ್ ಕಂಪನಿಯ ಈ ವೆಬ್‌ಸೈಟು ಒಂದೇ. ಅದನ್ನು ತೆರೆಯಲು ಇದ್ದದ್ದು, ಅಡವಿಯಪ್ಪ ತನ್ನ ಬ್ರೌಸಿಂಗ್ ಸೆಂಟರ್ ಮುಚ್ಚಿದ ದಿನ ಮನೆಗೆ ಹೊತ್ತು ತಂದು, ಅಂದಿನಿಂದ ದೇವರ ಪಟದ ಹಾಗೆ ಒರೆಸಿಟ್ಟುಕೊಂಡಿದ್ದ ಈ ಕಂಪ್ಯೂಟರ್. ಮನೆಯ ಫೋನೋ, ಇನ್ನೂ ಬಟನ್ನಿನದು.

ನಿನ್ನೆ ಬಿ.ಎಚ್. ರಸ್ತೆ ದಾಟುವಾಗ ಹಿಂದೆ ಬಸ್ಸು ಅಷ್ಟು ಹಾರನ್ ಹೊಡೆದರೂ ಅವನು ತನ್ನ ಪಾಡಿಗೆ ತಾನು ನಡೆದಿದ್ದ. ಎಳನೀರಿನವನು ಓಡಿಬಂದು ರಟ್ಟೆ ಹಿಡಿದು ಎಳೆದ, ಬದುಕಿದ. ಪರದೆಯ ಕೆಳಗಿದ್ದ ನಂಬರನ್ನು ನೋಡಿಕೊಂಡು ಸರ್ವಮಂಗಳಮ್ಮನೇ ಫೋನ್ ಒತ್ತಿದಳು.

“ನಮಸ್ಕಾರ, ನಾನು ಮೋನಿಕಾ ಮಾತಾಡ್ತಿರೋದು” ಎಂದಿತು ಕಂಪನಿಯ ಹುಡುಗಿಯ ದನಿ. ಬ್ಯಾಟರಿಯ ಕಥೆ ಕೇಳಿ, “ ಆರ್ಡರ್ ನಾನೇ ಹಾಕ್ಕೊಡ್ತೀನಿ ಮೇಡಂ, ದುಡ್ಡು ಪಾರ್ಸೆಲ್ ಬಂದಾಗ ಕೊಡಿ. ಆದ್ರೆ ಸೆಕ್ಯೂರಿಟಿಗೆ, ಈ ಫೋನ್ ನಂಬರಿನಲ್ಲಿರೋ ಖಾತೆದಾರರ ಹೆಸರು ಹೇಳ್ಬೇಕು.”

ಸರ್ವಮಂಗಳಮ್ಮ ತಟ್ಟನೆ ಫೋನನ್ನು ಗಂಡನ ಕೈಗಿಟ್ಟಳು. “ಹೆಸ್ರು ಹೇಳ್ರೀ, ಹೆಸ್ರು!” ಎಂದು ಅವನ ಎದೆಯನ್ನೇ ಮುಟ್ಟಿ ತೋರಿಸಿದಳು. ಅಡವಿಯಪ್ಪ ತಲೆಯಾಡಿಸಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ: “ಎರಡು ಪ್ಯಾಕೆಟ್ ಕಳ್ಸವ್ವಾ!” ಅವಳು ಫೋನ್ ಕಿತ್ತುಕೊಂಡು ತನ್ನ ಕಿವಿಗಿಟ್ಟಳು.

“ಹೆಸರು ಮ್ಯಾಚ್ ಆಗ್ತಿಲ್ಲ ಮೇಡಂ” ಎಂದಳು ಮೋನಿಕಾ, ನಗು ತಡೆದುಕೊಂಡು. “ಇನ್ನೊಂದು ಸಲ ತಪ್ಪಾದ್ರೆ ಅಕೌಂಟ್ ಲಾಕ್ ಆಗುತ್ತೆ. ನೀವೇ ಹೇಳ್ಬಿಡಿ.”

“ನಾನಾ? ನಮ್ಮನೆಯವ್ರು ಕಣಮ್ಮ ಅವ್ರು.”

“ಅದೇ, ಅವರ ಹೆಸರು?”

ನಾವು ನೀವಾದರೆ ಧಾರಾಳವಾಗಿ ಅಡವಿಯಪ್ಪ ಎನ್ನಬಹುದು. ಸರ್ವಮಂಗಳಮ್ಮ ಎನ್ನುವ ಹಾಗಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಮದುವೆಯ ದಿನ ನಾದಿನಿಯರು ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡಿದಾಗ ತುಟಿಯಲ್ಲೇ ಏನೋ ಗೊಣಗಿದ್ದಳು. ಅಷ್ಟರಲ್ಲಿ ಓಲಗದವರು ಜೋರಾಗಿ ಊದಿ ಪುಣ್ಯ ಕಟ್ಟಿಕೊಂಡಿದ್ದರು. ಆಮೇಲೆ ರೇಷನ್ ಕಾರ್ಡಿನವರು ಬಂದರೂ ಜನಗಣತಿಯವರು ಬಂದರೂ ಪಕ್ಕದ ಮನೆಯವರನ್ನು ಕರೆದು ಹೇಳಿಸಿದ್ದಳು.

“ಕಾಡು ಅಂತೀವಲ್ಲಮ್ಮ” ಎಂದು ಮೆಲ್ಲಗೆ ಶುರುಮಾಡಿದಳು. “ಅದುಕ್ಕೆ ಇನ್ನೊಂದು ಹೆಸ್ರಿದ್ಯಲ್ಲ? ಅದ್ರ ಮುಂದೆ ಅಪ್ಪ ಸೇರ್ಸು.”

“ಅರಣ್ಯಪ್ಪನಾ ಮೇಡಂ?”

“ಅಯ್ಯೋ, ಅಲ್ಲ ಕಣಮ್ಮ! ಇನ್ನೊಂದು.”

“ಮೇಡಂ, ನಾವು ಊಹೆ ಮಾಡೋ ಹಾಗಿಲ್ಲ. ನೀವೇ ಬಾಯಿಬಿಟ್ಟು ಹೇಳ್ಬೇಕು. ಕಾಲ್ ರೆಕಾರ್ಡ್ ಆಗ್ತಿರುತ್ತೆ.”

ರೆಕಾರ್ಡ್ ಬೇರೆ! ಸರ್ವಮಂಗಳಮ್ಮನಿಗೆ ಬಾಯಲ್ಲಿ ಕಡುಬು ತುರುಕಿದ ಹಾಗಾಯಿತು. ಹಳೆಯದನ್ನು ಬಿಡುವುದಿಲ್ಲ ಎಂದು ಬೆಳಗಿನಿಂದ ಗಂಡನನ್ನು ಬೈದದ್ದೇ ಬೈದದ್ದು. ಈಗ ತನ್ನ ನಾಲಿಗೆಯೇ ಮುಂದುವರಿಯಲಾರೆ ಎನ್ನುತ್ತಿದೆ. ಅಡವಿಯಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. “ಆಗ್ದಿದ್ರೆ ಬುಡೇ. ಬಸ್ ಸ್ಟ್ಯಾಂಡ್ ಹತ್ರ ಯಾರ್ನಾದ್ರೂ ಕೇಳ್ಕೊಂಡು ಬತ್ತೀನಿ” ಎಂದ.

ಬಸ್ ಸ್ಟ್ಯಾಂಡ್ ಎಂದರೆ ಮತ್ತೆ ಅದೇ ರಸ್ತೆ. ಹೇಳಿದರೆ ಎಷ್ಟು ಆಯಸ್ಸು ಹೋಗುತ್ತದೋ ಯಾರು ಕಂಡವರು, ಹೇಳದಿದ್ದರೆ ಪೂರ್ತಿ ಹೋಗುವುದನ್ನು ನಿನ್ನೆಯೇ ನೋಡಿಯಾಗಿತ್ತು. ಅವಳು ಗಂಡನ ತೋಳು ಹಿಡಿದು ನಿಲ್ಲಿಸಿಕೊಂಡಳು. “ಅಡವಿಯಪ್ಪ” ಎಂದಳು.

“ಸ್ವಲ್ಪ ಜೋರಾಗಿ ಮೇಡಂ.”

“ಅಡವಿಯಪ್ಪ ಅಂತ! ಅಡವಿಯಪ್ಪ!”

“ಥ್ಯಾಂಕ್ಯೂ ಮೇಡಂ, ವೆರಿಫೈ ಆಯ್ತು.”

ಫೋನಿಟ್ಟು ತಿರುಗಿದರೆ ಗಂಡ ಅವಳ ಬಾಯನ್ನೇ ನೋಡುತ್ತಾ ನಿಂತಿದ್ದ. ಚಪ್ಪಲಿ ಬಿಟ್ಟು ಒಳಗೆ ಹೋದ.

ವಾರ ಕಳೆದು ಪಾರ್ಸೆಲ್ ಬಂತು. ಅಡವಿಯಪ್ಪ ಬ್ಯಾಟರಿ ಹಾಕಿ ಮಿಷನ್ ಕಿವಿಗೆ ಸಿಕ್ಕಿಸಿಕೊಂಡ. ಕುಕ್ಕರ್ ಕೂಗಿದ್ದು ಕೇಳಿಸಿತು. ಬೀದಿಯ ಸೊಪ್ಪಿನವಳ ದನಿ ಕೇಳಿಸಿತು. ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೇ ಬಂದು ಕೂತ.

“ಅವತ್ತು ಫೋನಲ್ಲಿ ಅಂದ್ಯಲ್ಲ, ಈಗ ಹೇಳು.”

“ಏನಂದೆ? ಏನೂ ಅನ್ಲಿಲ್ಲಪ್ಪ.”

“ಅಂದೆ ಕಣೇ. ಕಣ್ಣಿಗೆ ಕಾಣಿಸ್ತು, ಕಿವಿಗೆ ಬೀಳ್ಲಿಲ್ಲ.”

“ಅದೇನು ಹುಡುಗಾಟ? ಆಯಸ್ಸು ಕಮ್ಮಿಯಾಗುತ್ತೆ.”

“ಯಾರಿಗೋ ಹೇಳಿ ಕಮ್ಮಿ ಮಾಡ್ದೆ. ನಂಗೂ ಒಂದ್ಸಲ ಹೇಳು. ಕಿವಿ ಚೆನ್ನಾಗಿದ್ದಾಗ ಕೇಳ್ಲಿಲ್ಲ, ಬ್ಯಾಟರಿ ಇರೋವಾಗ್ಲಾದ್ರೂ ಕೇಳ್ತೀನಿ.”

ಸರ್ವಮಂಗಳಮ್ಮ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ಅವನನ್ನು ದಾಟಿಕೊಂಡು ಹೋಗಿ, ಬೀದಿ ಬಾಗಿಲು ಮುಂದೆ ಮಾಡಿ ಬಂದು, ಅವನ ಕಿವಿಯ ಹತ್ತಿರ ಬಗ್ಗಿದಳು.