‘ವಿತ್’ ಅಂದರೆ ಜೊತೆ

“ವಿತ್ ಅಂದ್ರೆ ಏನಯ್ಯಾ?” ಮ್ಯಾನೇಜರ್ ಸಾಹೇಬರು ಗುಮಾಸ್ತನ ಮೇಜಿಗೆ ಕೈಯೂರಿ ಕೇಳಿದರು.

“ಜೊತೆ, ಸಾರ್,” ಎಂದ ಗುಮಾಸ್ತ. ಒಂದನೇ ಕ್ಲಾಸಿನ ಪ್ರಶ್ನೆ ಕೇಳುತ್ತಿದ್ದಾರೆಂದರೆ ಏನೋ ಎಡವಟ್ಟಾಗಿದೆ ಎಂದುಕೊಂಡು ಪೆನ್ನು ಕೆಳಗಿಟ್ಟ.

ಲಾಂಡ್ರಿಯ ಹಬೆ ಪೈಪು ಸೋರುತ್ತಿದೆ, ರಿಪೇರಿ ಮಾಡಿಸಿ ಎಂದು ಇಸ್ತ್ರಿ ಅಕ್ಕ ಹೋದ ವಾರ ಎಲ್ಲರೆದುರೇ ಸಾಹೇಬರನ್ನು ತರಾಟೆಗೆ ತೆಗೆದುಕೊಂಡಿದ್ದಳು. ರಿಪೇರಿಗೆ ಒಪ್ಪದಿದ್ದುದು ಹೆಡ್ ಆಫೀಸು, ಬೈಗುಳ ಮಾತ್ರ ತನಗೆ ಎಂದು ಸಾಹೇಬರಿಗೆ ಉರಿದುಹೋಯಿತು. ಹೆಡ್ ಆಫೀಸಿಗೆ ದೂರು ಬರೆದರು. ಅಲ್ಲಿಂದ ಇಂಗ್ಲಿಷಿನಲ್ಲಿ ನೋಟೀಸು ಬಂತು: ಈಕೆ ಸೋರುವ ಪೈಪಿನ ಬಗ್ಗೆ ‘ರಿಮಾನ್‌ಸ್ಟ್ರೇಟೆಡ್ ವಿತ್ ದಿ ಮ್ಯಾನೇಜರ್’, ಕೆಲಸದಿಂದ ಏಕೆ ತೆಗೆಯಬಾರದು?

ಅದನ್ನು ಎಲ್ಲರಿಗೂ ತಿಳಿಯುವ ಭಾಷೆಗೆ ತಿರುಗಿಸಿ ಬೋರ್ಡಿಗೆ ಹಚ್ಚುವುದು ಗುಮಾಸ್ತನ ಕೆಲಸ. ದೊಡ್ಡ ಪದಕ್ಕೆ ನಿಘಂಟು ತಿರುವಿದ. ಬಲವಾಗಿ ಪ್ರತಿಭಟಿಸು ಎಂದಿತ್ತು. ‘ವಿತ್’ಗೂ ಯಾರಾದರೂ ನಿಘಂಟು ನೋಡುತ್ತಾರೆಯೇ? ‘ಈಕೆ ಮ್ಯಾನೇಜರ್ ಜೊತೆ ಸೇರಿ ಸೋರುವ ಪೈಪಿನ ಬಗ್ಗೆ ಬಲವಾಗಿ ಪ್ರತಿಭಟಿಸಿದ್ದಾರೆ, ಕೆಲಸದಿಂದ ಏಕೆ ತೆಗೆಯಬಾರದು?’ ಎಂದು ಬರೆದು, ಬೆಳಗ್ಗೆಯೇ ಹಚ್ಚಿ ಬಂದಿದ್ದ.

“ನನ್ನ ಜೊತೆ ಸೇರಿ ಅಲ್ಲಯ್ಯಾ, ನನ್ನನ್ನೇ ಅಂದಿದ್ದು. ಆ ಪದದ ಪಕ್ಕ ವಿತ್ ಬಂದ್ರೆ ಎದುರಿಗೆ ನಿಂತು ಆಕ್ಷೇಪಿಸೋದು ಅಂತ. ನಡಿ, ಕಿತ್ತು ಹಾಕು. ಇಲ್ದಿದ್ರೆ ಮೊದಲು ನಿನ್ನ ಕೆಲಸ ಹೋಗುತ್ತೆ.”

ಗುಮಾಸ್ತ ಎದ್ದುಬಿದ್ದು ಕೆಳಗಿನ ಇಸ್ತ್ರಿ ಕೋಣೆಗೆ ಓಡಿದ. ಹಿಂದೆಯೇ ಸಾಹೇಬರು. ಬೋರ್ಡಿನ ಮುಂದೆ ಜನ ಕಿಕ್ಕಿರಿದಿದ್ದರು. ಅವನು ಹೇಗೋ ನುಗ್ಗಿ ನೋಟೀಸಿನ ಪಿನ್ನಿಗೆ ಉಗುರು ಹಾಕುವಷ್ಟರಲ್ಲಿ ಇಸ್ತ್ರಿ ಅಕ್ಕ ಸಾಹೇಬರೆದುರು ಬಂದು ನಿಂತಳು. ಅವಳ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಮೊನ್ನೆ ಅದೇ ಪೈಪಿನ ಹಬೆ ಬಡಿದಿತ್ತು.

“ಅವತ್ತು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ ಸಾರ್. ನೀವು ಒಳಗೊಳಗೇ ನಮ್ಮ ಪರ ಹೋರಾಡಿದ್ದು ಗೊತ್ತಾಗ್ಲಿಲ್ಲ. ನನ್ನಿಂದ ನಿಮ್ಮ ಕೆಲಸಕ್ಕೂ ಕುತ್ತು ಬಂತಲ್ಲ.”

ಯಾರೋ ಸಾಹೇಬರಿಗೆ ಸ್ಟೂಲು ಎಳೆದು ಹಾಕಿದರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವರಿಗೆ ಕೂರಿ ಎಂದವರೇ ಇರಲಿಲ್ಲ. ಅವರು ಕೂರಲೂ ಇಲ್ಲ, ಹೋಗಲೂ ಇಲ್ಲ. ಆ ಬ್ಯಾಂಡೇಜನ್ನೇ ನೋಡುತ್ತ ನಿಂತುಬಿಟ್ಟರು. ಕೀಳಲೋ ಬೇಡವೋ ಎಂದು ಗುಮಾಸ್ತ ಕಣ್ಣಲ್ಲೇ ಕೇಳಿದ. ಅವರು ಮುಖ ತಿರುಗಿಸಿ ಮೆಟ್ಟಿಲು ಹತ್ತಿದರು. ನೋಟೀಸನ್ನು ಹಾಗೆಯೇ ಬಿಟ್ಟು ಗುಮಾಸ್ತ ಹಿಂಬಾಲಿಸಿದ.

ಮೇಲೆ ಬಂದವರು ಮೂರು ಸಲ ಕಿಟಕಿಗೂ ಬಾಗಿಲಿಗೂ ಓಡಾಡಿದರು. ತನ್ನ ಕಥೆ ಮುಗಿಯಿತು ಎಂದುಕೊಂಡ ಗುಮಾಸ್ತ ಕೊಡೆಯನ್ನೂ ಊಟದ ಡಬ್ಬಿಯನ್ನೂ ಹತ್ತಿರ ಎಳೆದುಕೊಂಡ.

“ಹೆಡ್ ಆಫೀಸಿಗೆ ಒಂದು ಕಾಗದ ಬರಿ,” ಎಂದರು ಸಾಹೇಬರು. “ಆ ಪದ ಹಾಕಿಯೇ ಬರಿ.”

“ಯಾರು, ಯಾರ ಜೊತೆ ಸಾರ್?”

“ನಾನು. ವಿತ್ ಹೆಡ್ ಆಫೀಸ್.” ಕುರ್ಚಿ ಎಳೆದು ಕೂತು ಮೆಲ್ಲಗೆ ಸೇರಿಸಿದರು: “ಈ ಸಲ ಜೊತೆ ಅಂತ ತಿಳ್ಕೋಬೇಡ.”